ಎಡಕ್ಕ ಹೊಳ್ಳು ಅಂದವ ಯಾರು?

ಕ್ರಿಕೆಟ್ ಮ್ಯಾಚಿನ ಕ್ಯಾಮೆರಾ ಯಾವ ಟೀಮಿನದ್ದೂ ಅಲ್ಲ. ಬೌಂಡರಿ ಆಚೆ ನಿಂತು ಹನ್ನೊಂದು ಜನರನ್ನೂ ನೋಡುತ್ತೆ, ಕ್ಯಾಚ್ ಬಿಟ್ಟವನನ್ನೂ ತೋರಿಸುತ್ತೆ. ಬಿಜಿಎಂಐ ಥರದ ಆಟದಲ್ಲಿ ಹಾಗಲ್ಲ. ನಾಲ್ಕು ಜನ ಸೇರಿ ಆಡಿದ್ದನ್ನು ಸಾಮಾನ್ಯವಾಗಿ ಒಬ್ಬನ ಫೋನು ರೆಕಾರ್ಡ್ ಮಾಡುತ್ತೆ. ಆ ಫೋನಿಗೆ ಕಾಣೋದು ಅವನಿಗೆ ಕಂಡಷ್ಟೇ. ಬಂದೂಕು ಅವನದು, ಗುರಿ ಅವನದು, ಕೊನೆಗೆ ಪರದೆ ಮೇಲೆ ಬರೋ 'ಚಿಕನ್ ಡಿನ್ನರ್' ಕೂಡ ಅವನದೇ ಅನ್ನಿಸುತ್ತೆ. ಉಳಿದ ಮೂವರು ದನಿಯಾಗಿ ಮಾತ್ರ ಇರ್ತಾರೆ.

ನನ್ನ ಪ್ರಶ್ನೆ ಇಷ್ಟೇ. ಆ ವಿಡಿಯೋವನ್ನು ಹಂಚುವ ಹಕ್ಕು ಯಾರದು? ರೆಕಾರ್ಡ್ ಬಟನ್ ಒತ್ತಿದವನದಾ, ನಾಲ್ವರದಾ?

ಆಡದವರಿಗೆ ಎರಡು ಮಾತು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ಮೊಬೈಲ್ ನಮ್ಮಲ್ಲಿ ಬ್ಯಾನ್ ಆಯ್ತಲ್ಲ, ಅದರ ಜಾಗಕ್ಕೆ 2021ರ ಜುಲೈನಲ್ಲಿ ಬಿಜಿಎಂಐ ಬಂತು. 2022ರಲ್ಲಿ ಅದನ್ನೂ ಆ್ಯಪ್ ಸ್ಟೋರ್‌ಗಳಿಂದ ತೆಗೆದರು, 2023ರಲ್ಲಿ ಮತ್ತೆ ಬಂತು. 100 ಜನ ಒಂದು ನಕ್ಷೆಗೆ ಇಳೀತಾರೆ, ನಾಲ್ಕು ನಾಲ್ಕು ಜನರ ಗುಂಪು. ಗುಂಡು ಬಿದ್ದವನು ತಕ್ಷಣ ಸಾಯೋದಿಲ್ಲ, ಮೊಣಕಾಲ ಮೇಲೆ ತೆವಳ್ತಾನೆ. ಗೆಳೆಯ ಬಂದು ಕೆಲವು ಸೆಕೆಂಡು ಪಕ್ಕದಲ್ಲಿ ಕೂತರೆ ಮತ್ತೆ ಏಳ್ತಾನೆ. ಪೂರ್ತಿ ಸತ್ತವನೂ ಆಟ ಬಿಟ್ಟು ಹೋಗಬೇಕಿಲ್ಲ. ಬದುಕಿರೋ ಗೆಳೆಯರ ಪರದೆಯನ್ನು ನೋಡ್ತಾ, ಮೈಕಿನಲ್ಲಿ ದಾರಿ ಹೇಳ್ತಾ ಇರಬಹುದು. ನಮ್ಮ ದೇಶಕ್ಕಾಗಿ 'ಕಿಲ್' ಅನ್ನೋದನ್ನು 'ಫಿನಿಶ್' ಮಾಡಿ, ರಕ್ತಕ್ಕೆ ಹಸಿರು ಬಣ್ಣ ಹಚ್ಚಿದ್ದಾರೆ. ಸಂಸ್ಕಾರ ಉಳೀತು ಅಂದ್ಕೊಳ್ಳೋಣ.

ನಮ್ಮ ಕಡೆ, ಅಂದ್ರೆ ಬೀದರ್ ಜಿಲ್ಲೆಯ ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ, ಇಂಥದ್ದೊಂದು ನಾಲ್ವರ ಗುಂಪಿದೆ. ಒಬ್ಬ ನಮ್ಮ ಕಾಕಾನ ಮಗ. ಮಾತು ಅರ್ಧ ಕನ್ನಡ, ಕಾಲು ಮರಾಠಿ, ಉಳಿದದ್ದು ದಖನಿ. ಗುಂಡಿನ ಸಪ್ಪಳದ ನಡುವೆ "ಭಾಯ್, ಕವರ್ ದೇ" ಅಂತ ಶುರುವಾದ ವಾಕ್ಯ "ಹಿಂದ್ ಹಾನ್ ನೋಡ್" ಅಂತ ಮುಗಿಯುತ್ತೆ. ಕೇಳೋಕೆ ಭಾರಿ ಮಜಾ. ಕಾಕಾನ ಮಗ ಈ ಆಟಗಳನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕ್ತಾನೆ.

ಕಳೆದ ವರ್ಷ ಅವನು ಹಾಕಿದ ಒಂದು ಕ್ಲಿಪ್ಪು 47 ಸೆಕೆಂಡಿನದು. ಕೊನೇ ಸುತ್ತು. ಇವನೊಬ್ಬ, ಗುಡ್ಡದ ಮೇಲೆ ಇನ್ನೊಬ್ಬ ಗೆಳೆಯ, ಇಬ್ಬರೇ ಬದುಕಿರೋದು. ಸತ್ತವರಲ್ಲಿ ಒಬ್ಬ ಹುಡುಗ, ಗುಂಪಿನ ನಾಲ್ಕನೆಯವನು, ಗುಡ್ಡದ ಮೇಲಿನವನ ಪರದೆ ನೋಡ್ತಾ ಇವನಿಗೆ ಹೇಳ್ತಿದ್ದಾನೆ: "ಎಡಕ್ಕ ಹೊಳ್ಳು, ಎಡಕ್ಕ, ಮರದ್ ಹಿಂದ್ ಹಾನ್." ಇವನು ಹೊಳ್ಳಿದ, ಹೊಡೆದ, ಗೆದ್ದ. ಅದೇ ಹೊತ್ತಿಗೆ ಆ ನಾಲ್ಕನೆಯವನ ಮೈಕಿನಲ್ಲಿ, ಹಿಂದಿನಿಂದ, ಅವರಪ್ಪನ ದನಿ. ಯಾರಿಗೋ ಫೋನಿನಲ್ಲಿ ಹೇಳ್ತಿದ್ದಾರೆ: "ಸಾವುಕಾರ್ರೇ, ಕಬ್ಬಿನ ಬಿಲ್ ಇನ್ನಾ ಬಂದಿಲ್ರಿ. ಎಂಟ್ ದಿನ ತಡೀರಿ."

ಐದಾರು ಸೆಕೆಂಡು ಅಷ್ಟೇ. ರೆಕಾರ್ಡ್ ಮಾಡಿದವನಿಗೆ ಅದು ಕೇಳಿಸಿಯೇ ಇರಲಿಲ್ಲ, ಅವನ ಕಿವಿ ಎಲ್ಲ ಗೆದ್ದ ಖುಷಿಯಲ್ಲಿತ್ತು. ದೂರದವರಿಗೂ ಕೇಳಿಸಿರಲ್ಲ. ಕೇಳಿಸಿದ್ದು ಊರವರಿಗೆ. ವಾರದೊಳಗೆ ಆ ಐದು ಸೆಕೆಂಡು ಬೇರೆಯಾಗಿ ಕತ್ತರಿಸಿಕೊಂಡು ವಾಟ್ಸಾಪಿನಲ್ಲಿ ಸುತ್ತಾಡ್ತಿತ್ತು. ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಒಬ್ಬರಿಗೊಬ್ಬರು "ಎಂಟ್ ದಿನ ತಡೀರಿ" ಅಂತ ಹೇಳಿ ನಗೋದು ಶುರುವಾಯ್ತು. ಆ ಹುಡುಗ ಆಟಕ್ಕೆ ಬರೋದು ಬಿಟ್ಟ. ಕೆಲ ದಿನ ಕಾಲೇಜಿಗೂ.

ಫೋನಿನಲ್ಲಿ ಕಾಕಾನ ಮಗ ಕೇಳಿದ್ದು ಸುಲಭದ ಪ್ರಶ್ನೆ ಅಲ್ಲ. "ಅಣ್ಣಾ, ಅವ ಮೈಕ್ ಬಂದ್ ಮಾಡ್ಬೇಕಿತ್ತಲ್ಲ. ನಂದ್ ಯಾನ್ ತಪ್ಪ್ ಅದಾ?"

ಮೈಕ್ ಬಂದ್ ಮಾಡಿದ್ರೆ "ಎಡಕ್ಕ ಹೊಳ್ಳು" ಅಂತ ಹೇಳೋರ್ಯಾರು? ಆ ಹುಡುಗ ಮೈಕ್ ತೆರೆದದ್ದು ಮೂವರಿಗಾಗಿ. ಅವರ ಮನೆ ಹ್ಯಾಂಗಿದೆ, ಎಷ್ಟು ಕೋಣೆ ಇದೆ, ಅವರಪ್ಪ ಎಲ್ಲಿ ನಿಂತು ಫೋನಿನಲ್ಲಿ ಮಾತಾಡ್ತಾರೆ, ಎಲ್ಲ ಆ ಮೂವರಿಗೆ ಮೊದಲೇ ಗೊತ್ತು. ಅವರು ಕೇಳಿಸಿಕೊಂಡ್ರೂ ಕೇಳಿಸಿಕೊಳ್ಳದವರ ಹಾಗೆ ಇರ್ತಾರೆ. ಗೋಡೆಗೆ ಗೋಡೆ ಅಂಟಿಸಿಕೊಂಡು ಬದುಕೋ ಊರುಗಳಲ್ಲಿ ಈ ಕೇಳಿಸದ ಹಾಗಿರೋದು ದೊಡ್ಡ ಮರ್ಯಾದೆ. ಪಕ್ಕದ ಮನೆ ಜಗಳ ರಾತ್ರಿ ಪೂರ್ತಿ ಕೇಳಿಸಿರುತ್ತೆ, ಬೆಳಿಗ್ಗೆ "ಚಾ ಆಯ್ತೇನ್ರಿ" ಅಂತಷ್ಟೇ ಕೇಳೋದು. ರೆಕಾರ್ಡರಿಗೆ ಈ ಮರ್ಯಾದೆ ಗೊತ್ತಿಲ್ಲ.

ಬೆಂಗಳೂರಿನಲ್ಲಿ ಕೂತು ನಾವು "ಮುಖ ಬ್ಲರ್ ಮಾಡಿದ್ರೆ ಆಯ್ತು, ಹೆಸರು ತೆಗೆದ್ರೆ ಆಯ್ತು" ಅಂತೀವಿ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರ ದನಿ ಕೇಳಿ ಇಂಥವರು ಅಂತ ನಾನು ಗುರುತಿಸಲಾರೆ. ಊರಲ್ಲಿ ದನಿಯೇ ಆಧಾರ್ ಕಾರ್ಡು. ಕತ್ತಲಲ್ಲಿ ಕೆಮ್ಮಿದ್ರೆ ಸಾಕು, ಯಾರ ಮನೆಯವರು ಅಂತ ಗೊತ್ತಾಗುತ್ತೆ. ಆಟದೊಳಗೆ ಅವನ ಹೆಸರು ಏನೋ ಇಂಗ್ಲಿಷ್ ಅಕ್ಷರ, ನಡುವೆ ಎರಡು ಜಪಾನೀ ಚಿಹ್ನೆ. ಅಪ್ಪನ ಒಂದು ವಾಕ್ಯ ಬಂದ ಮೇಲೆ ಆ ಮುಖವಾಡಕ್ಕೆ ಬೆಲೆ ಇಲ್ಲ.

ಹಾಗಂತ ದನಿಯನ್ನು ರೆಕಾರ್ಡ್ ಮಾಡೋದೇ ತಪ್ಪು ಅಂತ ನಾನು ಹೇಳಲ್ಲ. ಮಾಣಿಕನಗರಕ್ಕೆ ಹೆಸರು ಬಂದದ್ದೇ ಮಾಣಿಕಪ್ರಭುಗಳಿಂದ. 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದವರು, 1865ರಲ್ಲಿ ಇಲ್ಲೇ ಸಮಾಧಿಯಾದವರು. ಎಲ್ಲ ಮತಗಳಿಗೂ ಜಾಗ ಇರೋ ಸಕಲಮತ ಸಂಪ್ರದಾಯ ಅವರದು. ದತ್ತ ಜಯಂತಿಯ ಹೊತ್ತಿಗೆ ಸಂಸ್ಥಾನದಲ್ಲಿ ಉತ್ಸವ, ಸಂಗೀತದ ದರ್ಬಾರು. ಹಾಡೋರು ಬಂದು ಕೂತರೆ ಎದುರಿಗೆ ಫೋನುಗಳು ಏಳ್ತಾವೆ. ಅಲ್ಲಿ ಯಾರಿಗೂ ಅನ್ಯಾಯ ಆಗಲ್ಲ. ಹಾಡುಗಾರ ತನ್ನ ದನಿಯನ್ನು ಸೇವೆ ಅಂತ ಸಭೆಗೆ ಕೊಟ್ಟೇ ಕೂತಿರ್ತಾನೆ. ಅದೇ ಹುಡುಗ ಅಲ್ಲಿ ಒಂದು ಭಜನೆ ಹಾಡಿದ್ರೆ, ಅದು ಲಕ್ಷ ಜನಕ್ಕೆ ಹೋದ್ರೂ ಅವನಪ್ಪ ಖುಷಿಯಿಂದ ಎಲ್ಲರಿಗೂ ತೋರಿಸ್ತಿದ್ದರು. ಅದೇ ಊರು, ಅದೇ ಗಂಟಲು. ಒಂದು ಕೊಟ್ಟ ದನಿ, ಇನ್ನೊಂದು ಸಿಕ್ಕಿಬಿದ್ದ ದನಿ.

ನಾವು ಆಫೀಸಿನವರು ಇದನ್ನು ದಿನಾ ನೋಡ್ತೀವಿ. ವಿಡಿಯೋ ಮೀಟಿಂಗಿನಲ್ಲಿ ಯಾರಾದ್ರೂ ರೆಕಾರ್ಡ್ ಒತ್ತಿದ ಕೂಡಲೇ ಎಲ್ಲರ ಪರದೆ ಮೇಲೂ ಸೂಚನೆ ಬರುತ್ತೆ. ತಕ್ಷಣ ಎಲ್ಲರೂ ಸ್ವಲ್ಪ ನೆಟ್ಟಗೆ ಕೂತು, ಮ್ಯಾನೇಜರ್ ಬಗ್ಗೆ ಹೇಳಬೇಕೆಂದಿದ್ದನ್ನು ನುಂಗಿಕೊಳ್ತೀವಿ. ಆಟದಲ್ಲಿ ಒಬ್ಬ ತನ್ನ ಫೋನಿನ ಸ್ಕ್ರೀನ್ ರೆಕಾರ್ಡರ್ ಹಾಕಿಕೊಂಡ್ರೆ ಉಳಿದ ಮೂವರಿಗೆ ಯಾವ ಸುದ್ದಿಯೂ ಬರಲ್ಲ. ಅಂಥ ಸೂಚನೆ ಬರಬೇಕೋ ಬೇಡವೋ ಅಂತ ಎಲ್ಲೋ ಒಂದು ಕೋಣೆಯಲ್ಲಿ ನಮ್ಮಂಥ ಎಂಜಿನಿಯರುಗಳೇ ನಿರ್ಧಾರ ಮಾಡಿರ್ತಾರೆ, ಅಥವಾ ಆ ಪ್ರಶ್ನೆಯೇ ಎದ್ದಿರಲ್ಲ. ಕಾನೂನು ಇದೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತೆ. ಆದರೆ ಅದು ಮುಖ್ಯವಾಗಿ ಮಾತಾಡೋದು ಕಂಪನಿಗಳ ಜೊತೆ. ಗೆಳೆಯ ಗೆಳೆಯನಿಗೆ ಏನು ಕೊಡಬೇಕು ಅನ್ನೋದು ಅದರ ಕೆಲಸ ಅಲ್ಲ.

ಕಾಕಾನ ಮಗನ ಪರವಾಗಿ ಒಂದು ಮಾತು ಹೇಳಲೇಬೇಕು. ಅವನಿಗೆ ಕ್ಲಿಪ್ಪೇ ಬಯೋಡೇಟಾ. ಬಿಜಿಎಂಐನ ಮೊದಲ ದೊಡ್ಡ ಟೂರ್ನಿಯ ಬಹುಮಾನವೇ 1 ಕೋಟಿ ರೂಪಾಯಿ ಇತ್ತು. ಹುಮನಾಬಾದಿನ ಹುಡುಗನ ಕೈಚಳಕ ಯಾರಾದರೂ ನೋಡಬೇಕಾದರೆ ಅವನೇ ತೋರಿಸಬೇಕು, ಬೇರೆ ಯಾರೂ ಬಂದು ನೋಡಲ್ಲ. ಕ್ಯಾಂಪಸ್ ಇಂಟರ್‌ವ್ಯೂ ಇರೋ ಕಾಲೇಜಿಂದ ಬಂದೋರು "ಯಾಕೆ ಹಾಕ್ತೀಯಾ, ಸುಮ್ಮನೆ ಆಡು" ಅನ್ನೋದು ಸುಲಭ.

ಆದರೆ ಆ ಬಯೋಡೇಟಾದಲ್ಲಿ ಏನಿದೆ ನೋಡಿ. ಆ 47 ಸೆಕೆಂಡಿಗೆ ಮೊದಲು ನಡೆದದ್ದು ಇಷ್ಟು. ಕಾಕಾನ ಮಗ ಗುಂಡು ತಿಂದು ತೆವಳ್ತಿದ್ದ. ಆ ನಾಲ್ಕನೆಯವನು ಹೊಗೆ ಬಾಂಬ್ ಎಸೆದು, ಓಡಿ ಬಂದು, ಇವನನ್ನು ಎಬ್ಬಿಸಿದ. ಎಬ್ಬಿಸುತ್ತಾ ಕೂತಿದ್ದಕ್ಕೇ ತಾನು ಸತ್ತ. ಆಟ ಮುಗಿದ ಮೇಲೆ ಬರೋ ಪಟ್ಟಿಯಲ್ಲಿ ಯಾರನ್ನು ಎಷ್ಟು ಸಲ ಎಬ್ಬಿಸಿದ ಅನ್ನೋ ಲೆಕ್ಕವೂ ಇರುತ್ತೆ. ಕಂಪನಿಯ ಸರ್ವರಿಗೆ ಇರೋ ನ್ಯಾಯ ಕ್ಲಿಪ್ಪಿಗಿಲ್ಲ, ಕ್ಲಿಪ್ಪು ಅವನು ಸತ್ತ ಮೇಲೆ ಶುರುವಾಗುತ್ತೆ. ಇದೂ ನಮಗೆ ಹೊಸದಲ್ಲ. ರಾತ್ರಿ ಎರಡಕ್ಕೆ ಎದ್ದು ಪ್ರೊಡಕ್ಷನ್ ಸರಿಮಾಡಿದವನು ಒಬ್ಬ, ಬೆಳಿಗ್ಗೆ ಕ್ಲೈಂಟಿಗೆ ಡೆಮೋ ಕೊಡೋನು ಇನ್ನೊಬ್ಬ.

ಯುದ್ಧವನ್ನು ದಾಖಲಿಸೋದ್ರಲ್ಲಿ ಕನ್ನಡದವರು ಇವತ್ತಿನವರಲ್ಲ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರು ಶಾಸನ ಸುಮಾರು ಕ್ರಿ.ಶ. 949-50ರದು, ಮಂಡ್ಯ ಕಡೆಯದು. ಅದರಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಸುದ್ದಿ ಇದೆ. ಆದರೆ ಕಲ್ಲಿನ ಮೇಲೆ ಕೆತ್ತಿರೋ ಚಿತ್ರ ರಾಜನದ್ದಲ್ಲ, ಒಂದು ನಾಯಿ ಮತ್ತು ಒಂದು ಹಂದಿಯದು. ಬೂತುಗನ ಭಂಟ ಮಣಲೇರ, ಮೆಚ್ಚಿಕೊಂಡ ದೊರೆ 'ಏನು ಬೇಕು' ಅಂದಾಗ ಕಾಳಿ ಅನ್ನೋ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ದೊಡ್ಡ ಕಾಡುಹಂದಿಯ ಜೊತೆ ಕಾದಾಡಿ, ಎರಡೂ ಸತ್ತವು. ಮಣಲೇರ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಡುವ ವ್ಯವಸ್ಥೆಯೂ ಆಯಿತು. ವೀರಗಲ್ಲುಗಳ ಲೆಕ್ಕವೇ ಹಾಗೆ. ಹಾಕಿಸೋನು ಉಳಿದವನು, ಕೆತ್ತಿಸಿಕೊಳ್ಳೋನು ಸತ್ತವನು. ನಮ್ಮ ಕ್ಲಿಪ್ಪುಗಳಲ್ಲಿ ಉಳಿದವನು ತನ್ನದೇ ಕಲ್ಲು ಕೆತ್ತಿಕೊಳ್ತಾನೆ. (ಕಾಳಿಯನ್ನು ಯಾರೂ ಕೇಳಿರಲಿಲ್ಲ ಅನ್ನಿ. ನಾಯಿಗೆ ಅಡಚಣೆಯೂ ಇಲ್ಲ, ಸಾವುಕಾರನ ಸಾಲವೂ ಇಲ್ಲ.)

ಮನುಷ್ಯರ ವಿಷಯಕ್ಕೆ ನಮ್ಮ ಪಕ್ಕದ ಬಸವಕಲ್ಯಾಣವೇ ಸಾಕು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅಷ್ಟೊಂದು ಜನ ಸೇರಿ ಮಾತಾಡಿದ್ರಲ್ಲ, ಎಲ್ಲವೂ ಬಸವಣ್ಣನ ಹೆಸರಲ್ಲಿ ಕರಗಿಹೋಗಲಿಲ್ಲ. ಒಬ್ಬೊಬ್ಬರ ವಚನಕ್ಕೂ ಅವರವರ ಅಂಕಿತ. ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ಆಯ್ದಕ್ಕಿ ಲಕ್ಕಮ್ಮನ ಅಂಕಿತದಲ್ಲಿ ಗಂಡ ಮಾರಯ್ಯನ ಹೆಸರಿದೆ, ತನ್ನದಿಲ್ಲ. ಎಷ್ಟು ಕಾಣಿಸಿಕೊಳ್ಳಬೇಕು, ಎಷ್ಟು ಮರೆಯಲ್ಲಿರಬೇಕು ಅನ್ನೋದು ಮಾತಾಡಿದವರಿಗೆ ಸೇರಿದ್ದು.

ಇಲ್ಲೇ ತೊಡಕು. ಮೊದಮೊದಲು ನನಗೂ ಇದು ಸಲೀಸು ಅನ್ನಿಸಿತ್ತು. ಎಲ್ಲರ ಹೆಸರು ಹಾಕು, ಖಾಸಗಿ ಮಾತು ತೆಗಿ, ಮುಗೀತು. ಆದರೆ ಈ ಎರಡು ಧರ್ಮ ಒಂದಕ್ಕೊಂದು ಎದುರು. ಹೆಸರು ಕೊಡೋದು ಅಂದ್ರೆ ಬೆಳಕಿಗೆ ಎಳೆಯೋದು, ಮರ್ಯಾದೆ ಕಾಯೋದು ಅಂದ್ರೆ ನೆರಳಲ್ಲಿ ಬಿಡೋದು. ಯಾವ ಹುಡುಗನಿಗೆ ಯಾವುದು ಬೇಕು ಅಂತ ಎಡಿಟಿಂಗ್ ಆ್ಯಪಿಗೆ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ. ಕೇಳಬೇಕು. ಅವನು ಬೇಡ ಅಂದ್ರೆ, ಉಳಿದ ಮೂವರ ಗೆಲುವು ಕೂಡ ಫೋನಿನಲ್ಲೇ ಉಳಿಯಬೇಕಾ? ಅವನ ಆಟದ ಮೇಲೆ ಮೂವರಿಗೂ ಹಕ್ಕಿದೆ ಅನ್ನಿಸುತ್ತೆ, ಅವನ ದನಿಯ ಮೇಲೆ ಯಾರಿಗೂ ಇಲ್ಲ. ನನ್ನ ಗೆರೆ ಅಲ್ಲಿದೆ. ಇನ್ನೊಬ್ಬರು ಬೇರೆ ಕಡೆ ಎಳೆಯಬಹುದು.

ಕಾಕಾನ ಮಗ ಆ ಕ್ಲಿಪ್ಪು ಅಳಿಸಿದ. ವಾಟ್ಸಾಪಿನದ್ದು ಅಳಿಸೋಕೆ ಬರಲ್ಲ, ಅದು ಈಗಲೂ ಎಲ್ಲೋ ಇದ್ದೇ ಇದೆ. ತಿಂಗಳಾದ ಮೇಲೆ ಆ ಹುಡುಗ ತಾನಾಗಿಯೇ ಆಟಕ್ಕೆ ಬಂದ. ಇವನು ಕೇಳಿದ, ಮತ್ತೆ ಹಾಕಲಾ ಅಂತ. "ಹಾಕ್. ನನ್ ದನಿ ಬ್ಯಾಡ" ಅಂದನಂತೆ.

ದನಿ ತೆಗೆದು, ಬರೀ ಗುಂಡಿನ ಸಪ್ಪಳ ಇಟ್ಟು ಹೊಸ ಕ್ಲಿಪ್ಪು ಮಾಡಿ ನನಗೆ ಕಳಿಸಿದ್ದ. ನೋಡಿದೆ. ಹುಲ್ಲಿನಲ್ಲಿ ಮಲಗಿದವನು ಯಾವ ಕಾರಣವೂ ಇಲ್ಲದೆ ಥಟ್ಟನೆ ಎಡಕ್ಕೆ ಹೊಳ್ಳಿ, ಮರದ ಹಿಂದಿನವನನ್ನು ಹೊಡೀತಾನೆ. ಬೆನ್ನಿಗೂ ಕಣ್ಣಿದೆಯೇನೋ ಅನ್ನೋ ಹಾಗೆ. ದನಿ ಇದ್ದಾಗ ಅದು ಇಬ್ಬರ ಗುರಿಯಾಗಿತ್ತು, ಈಗ ಪೂರ್ತಿ ಒಬ್ಬನದೇ. ಇವನಿಗೂ ಅದು ಹೊಳೆದಿದೆ. ಅದಕ್ಕೇ ಇನ್ನೂ ಹಾಕಿಲ್ಲ. ಕೆಳಗೆ ಏನು ಬರೀಲಿ ಅಂತ ಆ ಹುಡುಗನನ್ನು ಕೇಳಿದ್ದಾನೆ, ಅವನು ಇನ್ನೂ ಹೇಳಿಲ್ಲ.