ಕಾವಿನಿಂದ ಜಾರಿದ ಕೊಡಲಿ

ಒಬ್ಬನು ಮರ ಕಡಿಯುತ್ತಿರುವಾಗ ಕೊಡಲಿಯು ಕಾವಿನಿಂದ ಜಾರಿ ನೆರೆಯವನಿಗೆ ತಗಲಿ ಅವನು ಸತ್ತರೆ, ಕಡಿದವನು ಕೊಲೆಗಾರನೋ? ಧರ್ಮೋಪದೇಶಕಾಂಡದ 19ನೆಯ ಅಧ್ಯಾಯವು ಇದನ್ನೇ ಎತ್ತಿ ಹೇಳಿ, ಹಗೆಯಿಲ್ಲದೆ, ತಿಳಿಯದೆ ಕೊಂದವನು ಓಡಿಹೋಗಿ ಬದುಕುವದಕ್ಕೆ ಆಶ್ರಯನಗರವನ್ನು ನೇಮಿಸುತ್ತದೆ. 1860ರ ಭಾರತ ದಂಡಸಂಹಿತೆಯ 80ನೆಯ ಕಲಮು ಸಹ ಇಂಥ ಕೊಡಲಿಯನ್ನೇ ದೃಷ್ಟಾಂತವಾಗಿ ಕೊಟ್ಟಿತು; 2024ರಿಂದ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯ 18ನೆಯ ಕಲಮು ಅದನ್ನು ಉಳಿಸಿಕೊಂಡಿದೆ. ದುರುದ್ದೇಶವೂ ಅರಿವೂ ಇಲ್ಲದೆ, ನ್ಯಾಯವಾದ ಕೆಲಸವನ್ನು ನ್ಯಾಯವಾದ ರೀತಿಯಲ್ಲಿ ತಕ್ಕ ಎಚ್ಚರಿಕೆಯಿಂದ ಮಾಡುವಾಗ ಅಕಸ್ಮಾತ್ತಾಗಿ ಸಂಭವಿಸಿದ ಕೇಡು ಅಪರಾಧವಲ್ಲ. ಆದರೆ ಕೊಡಲಿ ಸಡಿಲವೆಂದು ತಿಳಿದೂ, ಹತ್ತಿರ ಜನರಿರುವದನ್ನು ಕಂಡೂ ಬೀಸಿದವನು, “ನನಗೆ ಹಗೆಯಿರಲಿಲ್ಲ” ಎಂದು ಹೇಳಿ ತಪ್ಪಿಸಿಕೊಳ್ಳಲಾರನು. ಹಗೆಯಿಲ್ಲದ ಮನಸ್ಸು ಒಳ್ಳೇದೇ, ಅದೊಂದೇ ಸಾಲದು. ಆದಕಾರಣ ಸಹೋದರರೇ, ಬೀಸುವದಕ್ಕೆ ಮುಂಚೆ ಕಾವನ್ನು ಅಲ್ಲಾಡಿಸಿ ನೋಡೋಣ.