ಕಣ್ಣಿನ ಉಪವಾಸ

ಚಲನಚಿತ್ರಗಳ ಮಟ್ಟ ಕುಸಿದಿದೆಯೆಂದು ಹಿರಿಯರು ಮರುಗುವುದುಂಟು. 1966ರಲ್ಲಿ ‘ಮಂತ್ರಾಲಯ ಮಹಾತ್ಮೆ’, 1986ರಲ್ಲಿ ಜಿ.ವಿ. ಅಯ್ಯರ್ ಅವರ ‘ಮಧ್ವಾಚಾರ್ಯ’ ತೆರೆಕಂಡವು. ಅಂದಿನ ಚಿತ್ರಗಳೆಲ್ಲವೂ ಸಾತ್ವಿಕವಾಗಿದ್ದುವೆಂದಲ್ಲ. ಆದರೆ ಸುಮಾರು ಮೂರು ತಾಸಿನಲ್ಲಿ ಆಟ ಮುಗಿಯುತ್ತಿತ್ತು. ಮನೆಗೆ ಮರಳುವ ದಾರಿಯಲ್ಲಿ ಒಳಿತು ಕೆಡುಕುಗಳನ್ನು ವಿಮರ್ಶಿಸಲು ಅವಕಾಶವಿರುತ್ತಿತ್ತು. ಇಂದಿನ ವೆಬ್ ಸರಣಿಯಲ್ಲಾದರೋ ಒಂದು ಕಂತು ಮುಗಿಯುತ್ತಲೇ ಮುಂದಿನದು ತಾನಾಗಿಯೇ ಆರಂಭವಾಗುತ್ತದೆ. ಎಷ್ಟೋ ಸರಣಿಗಳಲ್ಲಿ ಕ್ರೌರ್ಯ, ಬೈಗುಳಗಳೇ ಕುತೂಹಲದ ಸಾಧನಗಳಾಗಿವೆ.

ವಿಷಯಗಳನ್ನು ಎಡೆಬಿಡದೆ ಚಿಂತಿಸುವವನಿಗೆ ಸಂಗವೂ, ಸಂಗದಿಂದ ಕಾಮವೂ, ಕಾಮದಿಂದ ಕ್ರೋಧವೂ ಉಂಟಾಗುವುದೆಂದು ಗೀತೆಯ ಎರಡನೆಯ ಅಧ್ಯಾಯವು ಎಚ್ಚರಿಸುತ್ತದೆ. ಆದುದರಿಂದ ದೃಶ್ಯದ ದೋಷಕ್ಕಿಂತಲೂ ಬಿಡುವಿಲ್ಲದ ನೋಟವೇ ಹೆಚ್ಚು ಅಪಾಯಕರ.

ನಾವು ಏಕಾದಶಿಯಂದು ನಿರಾಹಾರರಾಗಿರುತ್ತೇವೆ. ಆದರೆ ಹರಿಕಥಾಶ್ರವಣದಿಂದ ಸಾರ್ಥಕವಾಗಬೇಕಾದ ಜಾಗರಣೆಯನ್ನು ಸರಣಿಯ ಕಂತುಗಳಲ್ಲಿ ಕಳೆದರೆ, ನಾಲಗೆಗೆ ಉಪವಾಸ, ಕಣ್ಣಿಗೆ ಭೂರಿಭೋಜನವಾದಂತಾಯಿತು! ಈ ಪ್ರಮಾದ ನನ್ನಿಂದಲೂ ಘಟಿಸಿದೆ. ದ್ವಾದಶಿಯ ಪಾರಣೆಗೆ ಕುಳಿತಾಗ ಮನಸ್ಸಿನಲ್ಲಿ ನಿಂತದ್ದು ಭಗವಂತನ ರೂಪವಲ್ಲ, ಹಿಂದಿನ ರಾತ್ರಿ ಕಂಡ ಕೊಲೆಯ ದೃಶ್ಯ.

ಚಿತ್ರ ತಯಾರಿಸುವವರನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ಕಣ್ಣನ್ನು ಹಿಂತೆಗೆಯುವುದು ನಮ್ಮದೇ ಕರ್ತವ್ಯ. ಬರುವ ಏಕಾದಶಿಯಿಂದ ಕಣ್ಣು ಕಿವಿಗಳಿಗೂ ವ್ರತದೀಕ್ಷೆಯಿರಲಿ.

ಶ್ರೀಕೃಷ್ಣಾರ್ಪಣಮಸ್ತು.