ಹಿತ್ತಲ ಮೀನುಕೊಳ ಮತ್ತು ಮಗುವಿನ ಮೊದಲ ಅಹಿಂಸಾಪಾಠ

ಅಹಿಂಸೆಯು ಶ್ರಾವಕನ ಐದು ಅಣುವ್ರತಗಳಲ್ಲಿ ಮೊದಲನೆಯದು. ಪ್ರವಚನದಲ್ಲಿ ಅದರ ಲಕ್ಷಣವನ್ನು ಕೇಳಿ ತಿಳಿಯುವ ವಯಸ್ಸು ಬರುವುದಕ್ಕೆ ಬಹಳ ಮೊದಲೇ ಮಗುವು ಅದನ್ನು ಮನೆಯಲ್ಲಿ ಕಂಡು ಕಲಿಯುತ್ತದೆ, ಇಲ್ಲವೇ ಕಲಿಯದೆ ಉಳಿಯುತ್ತದೆ. ಇರುವೆಯ ಸಾಲನ್ನು ದಾಟುವ ಬಗೆ, ನೀರು ಸೋಸುವ ಬಟ್ಟೆ, ಸೂರ್ಯಾಸ್ತಕ್ಕೆ ಮೊದಲಿನ ಊಟ, ಇವು ಹಿಂದಿನಿಂದ ಬಂದ ಪಾಠಗಳು. ಹಿತ್ತಲಿನಲ್ಲಿ ಮೀನಿನ ಕೊಳವಿರುವ ಮನೆಗಳಲ್ಲಿ ಇವುಗಳ ಜೊತೆಗೆ ಮತ್ತೊಂದು ಪಾಠವೂ ಸೇರುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಸೀಮೆಯ ಮಕ್ಕಳಿಗೆ ನೀರಾಗಲಿ ಮೀನಾಗಲಿ ಅಪರಿಚಿತವಲ್ಲ. ಕಾವೇರಿಯ ದಡದ ರಾಮನಾಥಪುರದಲ್ಲಿ, ದೇವಾಲಯದ ಬಳಿಯ ಮೀನುಗಳನ್ನು ಯಾರೂ ಹಿಡಿಯಬಾರದೆಂಬ ಕಟ್ಟಳೆಯಿದೆ. ಯಾತ್ರಿಕರು ಅವುಗಳಿಗೆ ಆಹಾರ ಹಾಕುವುದನ್ನು ಮಕ್ಕಳು ಕಂಡಿರುತ್ತಾರೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ನಂತರ ರಾಜ್ಯದ ಅನೇಕ ಹೊಲಗಳಲ್ಲಿ ಕೃಷಿ ಹೊಂಡಗಳಾಗಿವೆ. ಅನುಕೂಲವಿರುವವರು ಮನೆಯ ಹಿಂದೆ ಸಿಮೆಂಟಿನ ತೊಟ್ಟಿ ಕಟ್ಟಿಸಿ ಬಣ್ಣದ ಮೀನುಗಳನ್ನು ಬಿಡುವುದೂ ಉಂಟು. ಇಂತಹ ಕೊಳದ ಅಂಚಿಗೆ ಮೂರು ವರ್ಷದ ಮಗುವು ಬಂದು ನಿಂತಾಗ, ಅಲ್ಲಿ ಎರಡು ಜೀವಗಳ ರಕ್ಷಣೆಯ ಪ್ರಶ್ನೆ ಏಳುತ್ತದೆ. ನೀರಿನಿಂದ ಮಗುವನ್ನು ಕಾಯಬೇಕು. ಮಗುವಿನ ಕೈಯಿಂದ ಮೀನನ್ನು ಕಾಯಬೇಕು. ಈ ಹೊಣೆ ಯಾರದು?

ಸಾಮಾನ್ಯವಾಗಿ ಹಿರಿಯರು ಈ ಹೊಣೆಯನ್ನು ಮಗುವಿನ ಮೇಲೆಯೇ ಹೊರಿಸುತ್ತಾರೆ. “ಹತ್ತಿರ ಹೋಗಬೇಡ ಎಂದು ಹೇಳಿದ್ದೆವು” ಎಂಬುದು ಅವರ ಸಮಾಧಾನ. ಆದರೆ ಹೇಳಿದ ಮಾತು ಬೇಲಿಯಾಗಲಾರದು. ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಪ್ರಾಣ ಬಿಟ್ಟರು. ಅವರಲ್ಲಿ ಕಾಲು ಭಾಗದಷ್ಟು ಮಂದಿ ಐದು ವರ್ಷದೊಳಗಿನ ಮಕ್ಕಳು. ಸಣ್ಣ ಮಗುವಿಗೆ ಕೆಲವು ಅಂಗುಲ ನೀರೂ ಅಪಾಯವೇ. ಮುಳುಗುವ ಮಗು ಬಹುತೇಕ ಕೂಗಿಕೊಳ್ಳುವುದಿಲ್ಲ, ಸದ್ದಿಲ್ಲದೆ ಜಾರಿಹೋಗುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದ ಅಂಚಿನಲ್ಲಿ ದೊಡ್ಡವರಿಗೂ ಕಾಲು ನಿಲ್ಲದು. 2023-24ರಲ್ಲಿ ಕೃಷಿ ಭಾಗ್ಯ ಯೋಜನೆಯು ಮರಳಿ ಜಾರಿಯಾದಾಗ ಹೊಂಡದ ಸುತ್ತ ತಂತಿಬೇಲಿಯನ್ನೂ ಅದರಲ್ಲಿ ಸೇರಿಸಲಾಯಿತು. ಅಂಗಡಿಯ ಗಲ್ಲಾಪೆಟ್ಟಿಗೆಯನ್ನು ತೆರೆದಿಟ್ಟು, ಹಣ ಹೋಯಿತೆಂದು ಮಗುವನ್ನು ದೂರುವ ವರ್ತಕನನ್ನು ಯಾರೂ ಜಾಣನೆನ್ನರು. ಮೊದಲು ಬೇಲಿ, ಮಗುವಿಗೆ ಎಟುಕದ ಚಿಲಕ, ಕೊಳದ ಬಳಿ ಮಗುವಿರುವಷ್ಟು ಹೊತ್ತೂ ಕೈಗೆಟುಕುವಷ್ಟು ಹತ್ತಿರದಲ್ಲಿ ಒಬ್ಬ ಹಿರಿಯರು, ಆಮೇಲೆ ಬೋಧನೆ. ಪ್ರಮಾದವೇ ಹಿಂಸೆಯ ಬೇರು ಎಂದು ಶಾಸ್ತ್ರವು ಹೇಳುವಾಗ, ಇಲ್ಲಿ ಪ್ರಮಾದವು ಯಾರದೆಂಬುದನ್ನು ವಿಚಾರಿಸಬೇಕು. ಅರಿಯದ ಮಗುವಿನದಲ್ಲ, ಅರಿತೂ ಅಲಕ್ಷಿಸಿದವರದು.

ಇನ್ನು ಬೋಧನೆಯ ರೀತಿ. “ಕೊಳದಲ್ಲಿ ಗುಮ್ಮನಿದ್ದಾನೆ, ಹಿಡಿದುಕೊಳ್ಳುತ್ತಾನೆ” ಎಂದು ಹೆದರಿಸುವುದು ಹಳೆಯ ಉಪಾಯ. ಇದರಲ್ಲಿ ಎರಡು ದೋಷಗಳಿವೆ. ಒಂದು, ಅದು ಅಸತ್ಯ. ಮೊದಲ ವ್ರತವನ್ನು ಕಲಿಸಲು ಎರಡನೆಯ ವ್ರತವನ್ನು ಮುರಿದಂತಾಯಿತು. ಗುಮ್ಮನಿಲ್ಲವೆಂದು ತಿಳಿದ ದಿನ ಮಗುವು ಹೆದರಿಕೆಯ ಜೊತೆಗೆ ಎಚ್ಚರವನ್ನೂ ಬಿಡುತ್ತದೆ. ಇನ್ನೊಂದು, ಭಯವಿದ್ದಲ್ಲಿ ಮೈತ್ರಿ ಬೆಳೆಯದು. ನೀರನ್ನೂ ಅದರಲ್ಲಿರುವ ಜೀವವನ್ನೂ ಶತ್ರುವೆಂದು ತಿಳಿದ ಮಗುವಿನ ಕೈ ಸಹಜವಾಗಿಯೇ ಕಲ್ಲನ್ನು ಹುಡುಕುತ್ತದೆ.

ಮಗುವಿಗೆ ನಿಜವನ್ನೇ ತೋರಿಸಬಹುದು. ಮೀನು ಪಂಚೇಂದ್ರಿಯ ಜೀವಿ. ಜಲಚರ ತಿರ್ಯಂಚಗಳಲ್ಲಿ ಸೇರಿದುದು. ಅದರ ದೇಹದ ಎರಡು ಪಕ್ಕಗಳಲ್ಲಿಯೂ ನೀರಿನ ಸಣ್ಣ ಅಲುಗಾಟವನ್ನು ಗ್ರಹಿಸುವ ರೇಖೆಗಳಿವೆ. ದಡದಲ್ಲಿ ದಡದಡನೆ ಓಡಿದರೆ ಮೀನುಗಳು ಚದರುತ್ತವೆ. ಸುಮ್ಮನೆ ಕುಳಿತರೆ ತಾವಾಗಿಯೇ ಹತ್ತಿರ ಬರುತ್ತವೆ. ಇದನ್ನು ಎರಡು ಸಲ ಕಣ್ಣಾರೆ ಕಂಡ ಮಗುವಿಗೆ “ಸದ್ದು ಮಾಡಬೇಡ” ಎಂದು ಹತ್ತು ಸಲ ಹೇಳಬೇಕಾಗಿಲ್ಲ. ಮೀನಿನ ಮೈಮೇಲಿನ ಲೋಳೆಯು ಅದನ್ನು ರೋಗದಿಂದ ಕಾಯುವ ಹೊದಿಕೆ. ಒಣಗಿದ ಕೈಯಲ್ಲಿ ಹಿಡಿದರೆ ಅದು ಕಿತ್ತುಹೋಗುತ್ತದೆ. ಆದುದರಿಂದ ಮೀನನ್ನು ಕಣ್ಣಿನಿಂದ ನೋಡಬೇಕು, ಕೈಯಿಂದಲ್ಲ. ಹಿಡಿ ಹಿಡಿ ಆಹಾರ ಹಾಕಿದರೆ ಉಳಿದುದು ಕೊಳೆತು ನೀರಿನ ಆಮ್ಲಜನಕ ಕಡಿಮೆಯಾಗುತ್ತದೆ. ಉಪಕಾರವೆಂದು ಮಾಡಿದುದೇ ಅಪಕಾರವಾಗುತ್ತದೆ. ಚಿಟಿಕೆಯಷ್ಟು ಹಾಕಿ, ತಿಂದು ಮುಗಿಯುವವರೆಗೆ ಕಾಯುವುದನ್ನು ಕಲಿತ ಮಗುವು ದಾನಕ್ಕೂ ವಿವೇಕ ಬೇಕೆಂಬುದನ್ನು ಕಲಿತಂತೆಯೇ. ಕೊಟ್ಟವನ ಸಂತೋಷಕ್ಕಿಂತ ಪಡೆಯುವ ಜೀವದ ಹಿತ ದೊಡ್ಡದು.

ಇಷ್ಟಾದರೂ ಒಂದು ದಿನ ಮಗುವು ಕಲ್ಲೆಸೆಯಬಹುದು. ಆಗ ಏನು ಮಾಡಬೇಕು? ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಮೀನಿಗೆ ಹೊಡೆಯಬಾರದೆಂದು ಕಲಿಸಲು ಮಗುವಿಗೆ ಹೊಡೆದರೆ, ಕಲಿಸುವವರೇ ಅತಿಚಾರಕ್ಕೆ ಒಳಗಾದರು. ಮಗುವು ಕಲಿಯುವುದಾದರೂ ಏನನ್ನು? ಬಲವುಳ್ಳವನು ಬಲವಿಲ್ಲದವನನ್ನು ಹೊಡೆಯಬಹುದು ಎಂಬುದನ್ನೇ. ಕಲ್ಲನ್ನು ಕೈಯಿಂದ ಬಿಡಿಸಿ, ಅಂದಿನ ಮಟ್ಟಿಗೆ ಕೊಳದಿಂದ ದೂರ ಕರೆದೊಯ್ದು, ಮರುದಿನ ಜೊತೆಯಲ್ಲಿ ಕುಳಿತು ಮತ್ತೆ ನೋಡುವುದು ನಿಧಾನದ ದಾರಿ. ಆದರೆ ಸರಿಯಾದ ದಾರಿ. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ” ಎಂಬ ಗಾದೆಯನ್ನು ಹೇಳುವವರು, ರಭಸದಿಂದ ಬಗ್ಗಿಸಿದ ಗಿಡವು ಮುರಿಯುವುದನ್ನೂ ನೆನೆಯಬೇಕು.

ಇದೇ ಅತಿಚಾರಗಳು ಕೊಳದ ಒಡೆಯನನ್ನೂ ಪ್ರಶ್ನಿಸುತ್ತವೆ. ಜಲಚರವನ್ನು ಇಕ್ಕಟ್ಟಾದ ತೊಟ್ಟಿಯಲ್ಲಿಡುವುದು ಬಂಧವಲ್ಲವೇ? ಊರಿಗೆ ಹೋಗುವಾಗ ಆಹಾರದ ಏರ್ಪಾಡಿಲ್ಲದೆ ಬಿಟ್ಟುಹೋದರೆ ಅನ್ನಪಾನನಿರೋಧವಲ್ಲವೇ? ಚೆಂದಕ್ಕಾಗಿ ಮೀನು ತಂದು ಬಿಡದಿರುವುದೇ ಶ್ರೇಯಸ್ಕರವೆಂಬ ವಾದದಲ್ಲಿ ಸತ್ಯವಿದೆ. ಆದರೆ ಈಗಾಗಲೇ ಕೊಳದಲ್ಲಿರುವ ಜೀವಗಳನ್ನು ಕೈಬಿಡುವುದು ಅದಕ್ಕೆ ಪರಿಹಾರವಲ್ಲ. ಅವುಗಳ ಆಯುಷ್ಯವಿರುವವರೆಗೆ ಪಾಲಿಸುವುದೇ ಧರ್ಮ. ಬೆಳಿಗ್ಗೆ ಮಗುವಿನ ಕೈಯಿಂದ ಆಹಾರ ಹಾಕಿಸಿದ ಮೀನನ್ನು ಸಂಜೆ ತೂಕಕ್ಕೆ ಮಾರುವ ಮನೆಯಲ್ಲಿ ಯಾವ ಬೋಧನೆಯೂ ನಿಲ್ಲದು. “ಮೀನು ಎಲ್ಲಿ ಹೋಯಿತು?” ಎಂದು ಮಗುವು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಗೆ ತಲೆ ತಗ್ಗಿಸದೆ ಉತ್ತರಿಸುವಂತೆ ಬಾಳುವುದೇ ಹಿರಿಯರ ಪರೀಕ್ಷೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಈ ವಿಷಯವು ಅನ್ವಯಿಸುತ್ತದೆ. ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ಹೋಗುವ ಕುಟುಂಬಗಳಲ್ಲಿ ಮಕ್ಕಳೂ ಇರುತ್ತಾರೆ; ಕಲ್ಯಾಣಿಗಳಿರುವ ಕ್ಷೇತ್ರಗಳು ಅನೇಕ. ಪಾಚಿಗಟ್ಟಿದ ಮೆಟ್ಟಿಲನ್ನು ಶುಚಿಗೊಳಿಸುವುದು, ಕೈಪಿಡಿಗಂಬಿ ಹಾಕಿಸುವುದು, ಮೀನಿಗೆ ಹಾಕುವ ಆಹಾರಕ್ಕೆ ಮಿತಿ ಗೊತ್ತುಪಡಿಸುವುದು ಪೂಜೆ-ಉತ್ಸವಗಳಷ್ಟೇ ಧಾರ್ಮಿಕವಾದ ಕಾರ್ಯಗಳು. ಇವಕ್ಕೆ ತಗಲುವ ವೆಚ್ಚವನ್ನು ಜೀವದಯೆಯ ಲೆಕ್ಕಕ್ಕೆ ಬರೆಯುವುದರಲ್ಲಿ ತಪ್ಪೇನೂ ಇಲ್ಲ.

ತೀರ್ಥಂಕರರ ಮಾತೆಯು ಕಂಡ ಹದಿನಾರು ಸ್ವಪ್ನಗಳಲ್ಲಿ ಮತ್ಸ್ಯಯುಗಲವೂ ಒಂದು. ದಿಗಂಬರ ಸಂಪ್ರದಾಯದಲ್ಲಿ ಹದಿನೆಂಟನೆಯ ತೀರ್ಥಂಕರ ಅರನಾಥ ಸ್ವಾಮಿಯ ಲಾಂಛನವೂ ಮೀನೇ. ಬಸದಿಯ ಪೀಠದ ಮೇಲೆ ಆ ಚಿಹ್ನೆಯನ್ನು ಕಂಡು ಕೈಮುಗಿಯುವ ಮಗುವು, ಹಿತ್ತಲಿನ ಕೊಳದಲ್ಲಿ ಅದೇ ಆಕಾರದ ಜೀವವನ್ನು ಕಂಡಾಗ ಹೆಜ್ಜೆಯನ್ನು ಮೆಲ್ಲಗೆ ಇಟ್ಟರೆ, ಅಹಿಂಸೆಯು ಆ ಮನೆಯಲ್ಲಿ ಮಾತಿನಿಂದ ನಡತೆಗೆ ಇಳಿದಿದೆಯೆಂದು ತಿಳಿಯಬಹುದು. ಅದಕ್ಕೆ ಮೊದಲು ಮಗುವಿನ ಪಕ್ಕದಲ್ಲಿ ಹಿರಿಯರೊಬ್ಬರು ಎಚ್ಚರದಿಂದ ಕುಳಿತಿರಬೇಕು.